ಹನ್ನೆರಡು ಮನೆಗಳಿವೆ, ಒಳಗೆ ಯಾರೂ ಇಲ್ಲ

ಪ್ರಿಯರೇ,

ಪ್ರಶ್ನೆ ಕೇಳಿದ ಗಳಿಗೆಯ ಆಕಾಶವನ್ನು ಹನ್ನೆರಡು ಮನೆಗಳಾಗಿ ಪಾಲು ಮಾಡಿ ಉತ್ತರ ಹೇಳುವ ವಿದ್ಯೆಯ ಬಗ್ಗೆ ನೀವು ಕಳಿಸಿದ ‘ಪ್ರಶ್ನ ಜ್ಯೋತಿಷ್ಯದ ಹನ್ನೆರಡು ಮನೆಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ. ಹದಿನೇಳನೇ ಶತಮಾನದ ಇಂಗ್ಲೆಂಡಿನ ಜ್ಯೋತಿಷಿ ವಿಲಿಯಂ ಲಿಲ್ಲಿಯ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟವರು ನನಗೆ ಸಿಕ್ಕಿದ್ದು ಇದೇ ಮೊದಲು. ಅದಕ್ಕೇ ಎರಡು ಸಾಲಿನ ಉತ್ತರದ ಬದಲು ಉದ್ದ ಕಾಗದ ಬರೆಯುತ್ತಿದ್ದೇನೆ.

ದೊಡ್ಡ ತೊಂದರೆಯಿಂದಲೇ ಶುರು ಮಾಡುತ್ತೇನೆ. ನೀವು ಮನೆಗಳನ್ನು ಒಂದರಿಂದ ಹನ್ನೆರಡರವರೆಗೆ ಸಾಲಾಗಿ ನಿಲ್ಲಿಸಿ, ಪ್ರತಿಯೊಂದರ ಮುಂದೆ ಹತ್ತು ಪದ ಬರೆದಿದ್ದೀರಿ. ‘ಏಳನೇ ಮನೆ: ಮದುವೆ, ಸಂಗಾತಿ, ಪಾಲುದಾರ, ಬಹಿರಂಗ ಶತ್ರು, ಕಳ್ಳ, ವ್ಯಾಜ್ಯ.’ ಅಲ್ಲಿಗೆ ಮುಗಿಯಿತು, ಮುಂದೆ ಎಂಟನೇ ಮನೆ. ಓದುವವರಿಗೆ ಅಲ್ಲೇ ಒಂದು ಪ್ರಶ್ನೆ ಏಳುತ್ತದೆ, ಅಲ್ವಾ? ಹೆಂಡತಿಯೂ ಕಳ್ಳನೂ ಒಂದೇ ಮನೆಯಲ್ಲಿ ಯಾಕಿದ್ದಾರೆ? ಅದಕ್ಕೆ ನಿಮ್ಮ ಲೇಖನದಲ್ಲಿ ಉತ್ತರವಿಲ್ಲ. ನನ್ನ ಪ್ರಕಾರ ಇಡೀ ಲೇಖನ ನಿಲ್ಲಬೇಕಾದದ್ದೇ ಅದರ ಮೇಲೆ.

ಉತ್ತರ ಸರಳವಾಗಿದೆ. ಪ್ರಶ್ನೆ ಕೇಳಿದ ಗಳಿಗೆಯಲ್ಲಿ ಪೂರ್ವದಲ್ಲಿ ಹುಟ್ಟುತ್ತಿರುವ ರಾಶಿಯಿಂದ, ಅಂದರೆ ಲಗ್ನದಿಂದ, ಮೊದಲ ಮನೆ ಶುರು. ಅದು ಕೇಳುವವನದು. ಅದಕ್ಕೆ ನೇರ ಎದುರು, ಪಶ್ಚಿಮದಲ್ಲಿ, ಮುಳುಗುವ ಕಡೆ ಇರುವುದು ಏಳನೆಯದು. ಹಾಗಾಗಿ ಕೇಳುವವನ ಎದುರಿಗೆ ಯಾರ್ಯಾರು ನಿಲ್ಲುತ್ತಾರೋ ಅವರೆಲ್ಲ ಏಳನೇ ಮನೆಯವರು. ಅಂತರಪಟದ ಆಚೆ ನಿಂತ ಹೆಣ್ಣು, ಸಂತೆಯಲ್ಲಿ ಚೌಕಾಸಿ ಮಾಡುವವನು, ಕೋರ್ಟಿನಲ್ಲಿ ಎದುರು ಪಾರ್ಟಿ, ಗಂಟು ಹೊತ್ತು ಓಡಿದವನು. ಕಾಯಿಲೆಯ ಪ್ರಶ್ನೆಯಾದರೆ ವೈದ್ಯನೂ ಅಲ್ಲಿಯೇ. ಅಷ್ಟೇ ಅಲ್ಲ, ಕುಂಡಲಿ ಹಾಕಿ ಕೂತ ಜ್ಯೋತಿಷಿಯೂ ಅಲ್ಲಿಯೇ. ಏಳನೇ ಮನೆಯಲ್ಲಿ ಶನಿ ಇದ್ದರೆ ಜ್ಯೋತಿಷಿಯ ತೀರ್ಮಾನವೇ ಕೆಡಬಹುದು ಎಂದು ಆ ಕಾಲದವರು ಎಚ್ಚರಿಸುತ್ತಿದ್ದರು. ಉತ್ತರ ಹೇಳುವವನು ತನ್ನನ್ನೂ ಲೆಕ್ಕದೊಳಗೆ ಸೇರಿಸಿಕೊಳ್ಳುತ್ತಿದ್ದ ಎಂಬುದು ನನಗೆ ತುಂಬಾ ಹಿಡಿಸಿದ ವಿಷಯ. ನೀವು ಅದನ್ನು ಬಿಟ್ಟೇಬಿಟ್ಟಿದ್ದೀರಿ.

ಉಳಿದ ಮನೆಗಳಿಗೂ ಹೀಗೇ ದಿಕ್ಕು ಹಿಡಿದು ಹೋಗಿ. ನಾಲ್ಕನೆಯದು ನೆಲದ ಅಡಿ. ಆದ್ದರಿಂದ ಹೊಲ, ಹೂತಿಟ್ಟ ಹಣ, ಅಪ್ಪ, ಕೊನೆಗೆ ವಿಷಯ ಹೇಗೆ ಮುಗಿಯುತ್ತದೆ ಎಂಬುದು ಅಲ್ಲಿ. ಹತ್ತನೆಯದು ನೆತ್ತಿಯ ಮೇಲಿನದು. ರಾಜ, ನ್ಯಾಯಾಧೀಶ, ದೊಡ್ಡ ಹುದ್ದೆ ಅಲ್ಲಿ. ಆರು, ಎಂಟು, ಹನ್ನೆರಡು ಲಗ್ನಕ್ಕೆ ಕಾಣದ ಮನೆಗಳು. ಕಾಯಿಲೆ, ಸಾವು, ಸೆರೆಮನೆ ಅಲ್ಲಿಗೆ ಹೋದದ್ದು ಸುಮ್ನೆ ಅಲ್ಲ. ಮೂರು, ಐದು, ಒಂಬತ್ತು, ಹನ್ನೊಂದಕ್ಕೆ ಒಂದೊಂದು ಸಾಲು ಸಾಕು. ಎಲ್ಲಕ್ಕೂ ಸಮಪಾಲು ಹಂಚಬೇಕೆಂಬ ಹಟ ಬೇಡ.

ಇನ್ನೊಂದು ಮಾತು. ಆರನೇ ಮನೆಗೆ ಕುರಿ, ಆಡು, ಹಂದಿ. ಹನ್ನೆರಡಕ್ಕೆ ಹಸು, ಎತ್ತು, ಕುದುರೆ. ಇದನ್ನು ನೀವು ‘ಇಂದಿಗೆ ಅಪ್ರಸ್ತುತ’ ಎಂದು ಒಂದೇ ಪದದಲ್ಲಿ ತಳ್ಳಿಹಾಕಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಕಳೆದ ಪ್ರಾಣಿ ಆಡಿಗಿಂತ ದೊಡ್ಡದೋ ಚಿಕ್ಕದೋ ಎಂದು ಕೇಳಿ ಮನೆ ಗೊತ್ತುಮಾಡುವ ವಿದ್ಯೆ ಎಂದರೆ, ಕೇಳಲು ಬರುತ್ತಿದ್ದವರು ಯಾರು ಎಂಬುದು ಕಣ್ಣಿಗೆ ಕಟ್ಟುತ್ತದೆ.

ಈಗ ಮೀನಿನ ಕಥೆ. ನೀವು ಅದನ್ನು ಕೊನೆಯ ಪುಟದಲ್ಲಿ ಮೂರು ಸಾಲಿನಲ್ಲಿ ಹೇಳಿದ್ದೀರಿ. ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ.

1638ರ ಫೆಬ್ರವರಿ. ಲಿಲ್ಲಿ ಆಗ ಥೇಮ್ಸ್ ನದಿಯ ಹತ್ತಿರ, ವಾಲ್ಟನ್ ಬಳಿಯ ಹರ್ಷಮ್‌ನಲ್ಲಿದ್ದ. ಈಸ್ಟರ್‌ಗೆ ಮುಂಚಿನ ಲೆಂಟ್ ವ್ರತದ ದಿನಗಳು, ಊಟಕ್ಕೆ ಮೀನು ಬೇಕು. ಲಂಡನ್ನಿನಲ್ಲಿ ಕೊಂಡ ಮೀನು ದೋಣಿಯಲ್ಲಿ ಬಂತು. ಹತ್ತನೇ ತಾರೀಖು ಶನಿವಾರ ದೋಣಿಯವನು ಮೀನಿನ ಬದಲು ಸುದ್ದಿ ತಂದ: ರಾತ್ರಿ ಗೋದಾಮಿಗೆ ಕಳ್ಳರು ನುಗ್ಗಿದ್ದಾರೆ, ನಿಮ್ಮ ಮೀನೂ ಹೋಯಿತು. ಲಿಲ್ಲಿ ಆ ಮಾತು ಕಿವಿಗೆ ಬಿದ್ದ ಗಳಿಗೆಯನ್ನೇ ಹಿಡಿದು ಕುಂಡಲಿ ಹಾಕಿದ. ತಾನು ಮೊದಲ ಮನೆ, ತನ್ನ ಸಾಮಾನು ಎರಡನೆಯದು, ಕಳ್ಳನಿಗೆ ಏಳನೆಯದು. ಗ್ರಹಗಳು ನೀರಿಗೆ ಸೇರಿದ ರಾಶಿಗಳಲ್ಲಿ ಕೂತಿದ್ದನ್ನು ನೋಡಿ, ಕಳ್ಳ ನೀರಿನ ಹತ್ತಿರದವನು, ಥೇಮ್ಸ್ ದಡದ ಮೀನುಗಾರನೇ ಇರಬೇಕು ಎಂದು ತೀರ್ಮಾನಿಸಿದ. ಅಂಥವನು ಯಾರೆಂದು ಊರಲ್ಲಿ ವಿಚಾರಿಸಿದ. 18ನೇ ತಾರೀಖು ಭಾನುವಾರ ವಾರಂಟು, ಕಾನ್‌ಸ್ಟೇಬಲ್, ದೋಣಿಯವರು ಸಮೇತ ಒಂದೇ ಒಂದು ಮನೆಗೆ ಹೋದ. ಸ್ವಲ್ಪ ಮೀನು ತಿಂದಾಗಿತ್ತು, ಸ್ವಲ್ಪ ಉಳಿದಿತ್ತು. ಜೊತೆಗೆ ಹೋಗಿದ್ದ ಏಳು ಪೋರ್ಚುಗಲ್ ಈರುಳ್ಳಿ ಆ ಮನೆಯ ಸಾರಿಗೆ ಬಿದ್ದಿತ್ತು.

ನೋಡಿ, ಎರಡನೇ ಮನೆ ಎಂದರೆ ‘ಧನ, ಚರಾಸ್ತಿ’ ಎಂದು ನೀವು ಬರೆದಾಗ ನನಗೆ ಏನೂ ಕಾಣಲಿಲ್ಲ. ಏಳು ಈರುಳ್ಳಿ ಎಂದಾಗ ಕಂಡಿತು.

ಈ ಕಥೆ ಹೇಳುವಾಗ ಒಂದು ಪ್ರಾಮಾಣಿಕತೆ ಬೇಕು. ನಿಮ್ಮ ಕೊನೆಯ ಪ್ಯಾರಾದ ‘ಈ ವಿದ್ಯೆ ಎಂದೂ ಸುಳ್ಳಾಗದು’ ಎಂಬ ಸಾಲು ತೆಗೆಯಿರಿ. ಮೀನು ಕದ್ದವನು ನದಿ ದಡದವನು ಎಂದು ಹೇಳಲು ಊರಿನ ಪರಿಚಯ ಎಷ್ಟು ಸಹಾಯ ಮಾಡಿತು, ಕುಂಡಲಿ ಎಷ್ಟು ಮಾಡಿತು, ಅದನ್ನು ಓದುಗರೇ ತೂಗಲಿ. 1666ರ ಲಂಡನ್ ಬೆಂಕಿಯನ್ನು ಲಿಲ್ಲಿ ‘ಕರಾರುವಾಕ್ಕಾಗಿ’ ಹೇಳಿದ್ದ ಎಂದಿರುವುದೂ ತಪ್ಪು. 1651ರಲ್ಲಿ ಅವನು ಬೆಂಕಿಯ ಚಿತ್ರ ಅಚ್ಚು ಮಾಡಿದ್ದು ನಿಜ. ಬೆಂಕಿ ಬಿದ್ದ ಮೇಲೆ ಸಂಸತ್ತಿನ ಸಮಿತಿ ಅವನನ್ನು ಕರೆಸಿ ಕೇಳಿದಾಗ, ವರ್ಷ ನನಗೆ ಗೊತ್ತಿರಲಿಲ್ಲ ಎಂದು ಅವನೇ ಹೇಳಿದ. ಅವನೇ ಒಪ್ಪಿಕೊಂಡದ್ದಕ್ಕಿಂತ ಜಾಸ್ತಿ ನಾವು ಹೇಳುವುದು ಬೇಡ.

ಇನ್ನು ಕಲಬೆರಕೆಯ ವಿಷಯ. ನೀವು ಲಿಲ್ಲಿಯ ಪದ್ಧತಿ ವಿವರಿಸುತ್ತಾ ಅಪ್ಪನನ್ನು ಒಂಬತ್ತನೇ ಮನೆಗೆ, ಅಮ್ಮನನ್ನು ನಾಲ್ಕಕ್ಕೆ ಹಾಕಿದ್ದೀರಿ. ಅದು ನಮ್ಮ ಕಡೆಯ ಲೆಕ್ಕ. ಲಿಲ್ಲಿಯಲ್ಲಿ ಅಪ್ಪ ನಾಲ್ಕನೇ ಮನೆ, ಅಮ್ಮ ಹತ್ತನೆಯದು. ಇದು ಸಣ್ಣ ತಪ್ಪಲ್ಲ, ಯಾಕೆಂದರೆ ಈ ವಿದ್ಯೆಯಲ್ಲಿ ಮನೆಯಿಂದ ಮನೆ ಎಣಿಸಬೇಕು. ‘ಅಪ್ಪನ ಹಣ ಎಲ್ಲಿ?’ ಎಂದರೆ ಅಪ್ಪನಿಂದ ಎರಡನೆಯದು, ಅಂದರೆ ಐದು. ನಿಮ್ಮ ಲೆಕ್ಕದಲ್ಲಿ ಅದು ಹತ್ತಾಗುತ್ತದೆ. ಪ್ರಶ್ನೆಯೇ ಬೇರೆಯವರ ಮನೆಗೆ ಹೋಯಿತು.

ಈ ಎಣಿಕೆಗೆ ಒಂದು ಉದಾಹರಣೆ ಕೊಡಿ. ‘ತಮ್ಮನ ಹೆಂಡತಿಯ ಸರ ಕಳೆದಿದೆ’ ಎಂದು ಒಬ್ಬಳು ಬರುತ್ತಾಳೆ. ತಮ್ಮ ಮೂರು. ಅವನಿಂದ ಏಳನೆಯದು ಒಂಬತ್ತು, ಅದು ಅವನ ಹೆಂಡತಿ. ಅವಳ ಸಾಮಾನು ಅಲ್ಲಿಂದ ಎರಡನೆಯದು, ಹತ್ತು. ಪಟ್ಟಿಯಲ್ಲಿ ರಾಜನಿದ್ದ ಮನೆಯಲ್ಲಿ ಈಗ ಒಂದು ಎಳೆ ಸರ ಇದೆ. ಮನೆಗೆ ಸ್ವಂತ ಅರ್ಥ ಅಂತ ಅಂಟಿಕೊಂಡು ಕೂತಿಲ್ಲ, ಪ್ರಶ್ನೆಯೇ ಅದರೊಳಗೆ ಜನರನ್ನು ಕೂರಿಸುತ್ತದೆ. ಇದು ಗೊತ್ತಾದರೆ ಪಟ್ಟಿ ತಾನಾಗಿಯೇ ಕರಗುತ್ತದೆ.

ನೀವು ಸೇರಿಸಿದ ಚಿತ್ರದಲ್ಲೂ ಇದೇ ಗೊಂದಲ. ನಮ್ಮ ಕುಂಡಲಿಯಲ್ಲಿ ರಾಶಿಗಳು ತಮ್ಮ ಚೌಕದಲ್ಲಿ ಅಲುಗಾಡದೆ ಇರುತ್ತವೆ, ಲಗ್ನ ಜಾಗ ಬದಲಿಸುತ್ತದೆ, ಎಣಿಕೆ ಗಡಿಯಾರದ ದಿಕ್ಕಿನಲ್ಲಿ. ಲಿಲ್ಲಿಯ ಚೌಕದಲ್ಲಿ ಮೊದಲ ಮನೆ ಯಾವಾಗಲೂ ಎಡಗಡೆ, ಹತ್ತು ಮೇಲೆ, ಎಣಿಕೆ ಅಪ್ರದಕ್ಷಿಣೆ. ಮನೆಗಳ ಅಳತೆಯೂ ಒಂದೇ ಸಮ ಇರುವುದಿಲ್ಲ. ರಾಶಿಚಕ್ರದ ಆರಂಭವೇ ಬೇರೆ, ಈಗಿನ ಲೆಕ್ಕದಲ್ಲಿ ಸುಮಾರು 24 ಡಿಗ್ರಿ ವ್ಯತ್ಯಾಸ. ಇಷ್ಟನ್ನು ಚಿತ್ರದ ಕೆಳಗೆ ನಾಲ್ಕು ಸಾಲಿನಲ್ಲಿ ಹೇಳದಿದ್ದರೆ ಪಂಚಾಂಗ ನೋಡಿ ರೂಢಿಯಿರುವ ನಮ್ಮ ಓದುಗರು ಖಂಡಿತ ತಪ್ಪಾಗಿ ಓದುತ್ತಾರೆ.

ಹಾಗಾದರೆ ನಮ್ಮದನ್ನು ತರಲೇಬಾರದೇ? ತನ್ನಿ, ಆದರೆ ನಿಜವಾದ ನಂಟು ಇರುವ ಕಡೆ. ಲಿಲ್ಲಿ ಈ ವಿದ್ಯೆಯನ್ನು ‘ಕಂಡುಹಿಡಿದ’ ಎಂದು ಬರೆದಿದ್ದೀರಿ. ಅವನ ‘ಕ್ರಿಶ್ಚಿಯನ್ ಅಸ್ಟ್ರಾಲಜಿ’ ಬಂದದ್ದು 1647ರಲ್ಲಿ. ಅದಕ್ಕೆ ಎಂಟುನೂರಕ್ಕೂ ಹೆಚ್ಚು ವರ್ಷ ಮುಂಚೆ ಬಾಗ್ದಾದಿನಲ್ಲಿ ಮಾಶಾಅಲ್ಲಾ ಎಂಬ ಜ್ಯೋತಿಷಿ ಇದನ್ನೇ ಬರೆದಿದ್ದ. ಆ ಅರಬ್ಬೀ ಧಾರೆ ಒಂದು ಕಡೆ ಯುರೋಪಿಗೆ ಹರಿಯಿತು, ಇನ್ನೊಂದು ಕಡೆ ತಾಜಿಕ ಎಂಬ ಹೆಸರಿನಲ್ಲಿ ಭಾರತಕ್ಕೆ ಬಂತು. ನೀಲಕಂಠ 1587ರಲ್ಲಿ ಬರೆದ ತಾಜಿಕ ಗ್ರಂಥದ ‘ಇತ್ಥಶಾಲ’ ಎಂಬ ಪದ ಅರಬ್ಬಿಯ ‘ಇತ್ತಿಸಾಲ್’ ಅಲ್ಲದೆ ಬೇರೆ ಅಲ್ಲ. ಎರಡು ಗ್ರಹಗಳು ಕೂಡುವತ್ತ ಸಾಗುವುದಕ್ಕೆ ಆ ಹೆಸರು. ಲಿಲ್ಲಿಯೂ ‘ಕೆಲಸ ಆಗುತ್ತದೆಯೇ’ ಎಂಬುದಕ್ಕೆ ಅದನ್ನೇ ನೋಡುತ್ತಿದ್ದ. ಈ ಒಂದು ಪದಕ್ಕೆ ಒಂದು ಪ್ಯಾರಾ ಕೊಡಿ.

ಇನ್ನೊಂದು ನಂಟು ಕರಾವಳಿಯದು. ಕೇರಳದ ‘ಪ್ರಶ್ನಮಾರ್ಗ’ ಗ್ರಂಥ ಹುಟ್ಟಿದ್ದು 1649–50ರ ಸುಮಾರಿಗೆ, ಲಿಲ್ಲಿಯ ಪುಸ್ತಕ ಬಂದು ಎರಡು ಮೂರು ವರ್ಷಕ್ಕೆ. ಒಬ್ಬರಿಗೊಬ್ಬರು ಗೊತ್ತಿಲ್ಲ, ಆದರೆ ಕಾಲ ಒಂದೇ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನಲ್ಲಿ ‘ಪ್ರಶ್ನೆಯಲ್ಲಿ ಕಂಡುಬಂತು’ ಎಂಬ ಮಾತು ಇಂದಿಗೂ ಬಾಯಲ್ಲಿದೆ. ತಾಂಬೂಲ ಪ್ರಶ್ನೆಯಲ್ಲಿ ಹನ್ನೆರಡು ವೀಳ್ಯದೆಲೆಗಳೇ ಹನ್ನೆರಡು ಮನೆ. ನಾನು ಚಿಕ್ಕವನಿದ್ದಾಗ ಒಮ್ಮೆ ನೋಡಿದ್ದೇನೆ. ಎಲೆಗಳನ್ನು ಒಂದೊಂದೇ ಎತ್ತಿ ಚಾಪೆಯ ಮೇಲೆ ಇಡುತ್ತಿದ್ದರು. ನಾಲ್ಕನೆಯದರ ತುದಿ ಹರಿದಿತ್ತು. ಜ್ಯೋತಿಷಿ ಅದನ್ನು ಬೆರಳಲ್ಲಿ ಸವರಿ, ‘ಬಾವಿ ಏನಾದ್ರೂ ಮುಚ್ಚಿದ್ದೀರಾ?’ ಎಂದರು. ನನ್ನ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡರು. ನಾಲ್ಕನೇ ಮನೆ ಎಂದರೆ ನನಗೆ ಇಂದಿಗೂ ಆ ಹರಿದ ಎಲೆ.

ಭಾಷೆಯ ಬಗ್ಗೆ ಒಂದೇ ಮಾತು. ಒಂದು ಕಡೆ ಮನೆ, ಒಂದು ಕಡೆ ಭಾವ, ಸ್ಥಾನ, ಹೌಸ್ ಎಂದು ಬರೆದಿದ್ದೀರಿ. ‘ಮನೆ’ಯೊಂದನ್ನೇ ಉಳಿಸಿ. ‘ಪ್ರಶ್ನಕರ್ತನ ಅಭೀಷ್ಟಸಿದ್ಧಿ’ ಬೇಡ, ‘ಕೇಳಿದವನ ಕೆಲಸ ಆಗುತ್ತದೆಯೇ’ ಎನ್ನಿ. ಅವರು ಕೇಳಿದ್ದೂ ಹಾಗೇ ತಾನೇ. ಲಿಲ್ಲಿಗಿಂತ ಮುಂಚಿನ ಜ್ಯೋತಿಷಿಗಳಾದ ಸೈಮನ್ ಫೋರ್ಮನ್ ಮತ್ತು ರಿಚರ್ಡ್ ನೇಪಿಯರ್ ಬರೆದಿಟ್ಟ ಸುಮಾರು 80,000 ಪ್ರಶ್ನೆಗಳನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಆನ್‌ಲೈನ್‌ನಲ್ಲಿ ಇಟ್ಟಿದ್ದಾರೆ. ಬಹುಪಾಲು ಕಾಯಿಲೆಯವು. ಒಂದು ಸಂಜೆ ಕೂತು ಓದಿ. ನಿಮಗೆ ಬೇಕಾದ ಜನ ಅಲ್ಲಿದ್ದಾರೆ.

ಎಷ್ಟು ಪುಟವಾದರೂ ಪರವಾಗಿಲ್ಲ. ದೋಣಿಯವನು ಬಾಗಿಲಿಗೆ ಬಂದು ನಿಂತ ಶನಿವಾರದಿಂದ ಶುರು ಮಾಡಿ ಕಳಿಸಿ.