ಆರು ಕೋಣೆಗಳ ಮನೆಯಲ್ಲಿ ಉಳಿಯುವುದಾದರೆ

ಧಾರವಾಡದ ಓದುಗರೊಬ್ಬರು ಬರೆದ ಪತ್ರದ ಸಾರ ಇದು: "ನವೆಂಬರ್ ಕೊನೆಗೆ ನಾನು, ನಮ್ಮ ಯಜಮಾನರು, 74 ವರ್ಷದ ಅತ್ತೆಯವರು ಹತ್ತು ದಿನ ಜಪಾನಿಗೆ ಹೊರಟಿದ್ದೇವೆ. ಟೋಕಿಯೊ, ಹಕೋನೆ, ತಕಾಯಾಮಾ, ಕನಾಜಾವಾ, ಕ್ಯೋಟೊ, ನಾರಾ, ಹಿರೋಶಿಮಾ ಎಂದು ಪಟ್ಟಿ ಮಾಡಿಕೊಂಡಿದ್ದೇವೆ. ಹಳೆಯ ಊರೊಂದರಲ್ಲಿ, ಹಳೆಯ ಕಟ್ಟಡವನ್ನೇ ಹೊಸದಾಗಿ ರೂಪಿಸಿದ ಸಣ್ಣ ಡಿಸೈನ್ ಹೋಟೆಲಿನಲ್ಲಿ ಒಂದು ರಾತ್ರಿಯಾದರೂ ಉಳಿಯಬೇಕೆಂಬುದು ನನ್ನ ಬಹಳ ದಿನದ ಆಸೆ. ದುಡ್ಡು ಜಾಸ್ತಿ, ಊಟ ಸಿಗೋದಿಲ್ಲ, ವಯಸ್ಸಾದವರಿಗೆ ಆಗೋದಿಲ್ಲ ಎಂದು ಎಲ್ಲರೂ ಹೆದರಿಸುತ್ತಾರೆ. ನಾವು ಸಸ್ಯಾಹಾರಿಗಳು. ಅತ್ತೆಯವರು ಉಳ್ಳಾಗಡ್ಡಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ, ಮೊಣಕಾಲು ನೋವೂ ಇದೆ. ಯಜಮಾನರಿಗೆ ಸೈಕಲ್ ಅಂದರೆ ಪ್ರಾಣ. ಎಲ್ಲಿ ಉಳಿಯೋಣ, ಹೇಗೆ ಹೊಂದಿಸಿಕೊಳ್ಳೋಣ?"

ಸಂಪಾದಕರ ಉತ್ತರ

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು "ಒಂದು ರಾತ್ರಿಯಾದರೂ" ಎಂಬ ಮಾತು. ಒಂದೇ ರಾತ್ರಿಗಾದರೆ ಹೋಗಬೇಡಿ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೆ ಬಾಗಿಲು ತೆರೆಯುತ್ತಾರೆ, ರಾತ್ರಿಯೂಟ ಆರು ಆರೂವರೆಗೆ, ಮರುದಿನ ಹತ್ತು ಹನ್ನೊಂದಕ್ಕೆ ಕೋಣೆ ಬಿಟ್ಟುಕೊಡಬೇಕು. ಅದರಲ್ಲಿ ನಿದ್ದೆ, ಸ್ನಾನ, ಗಂಟುಮೂಟೆ ಬಿಚ್ಚಿ ಕಟ್ಟುವುದು ಕಳೆದರೆ ಮನೆಯನ್ನು ನೋಡಲು ಸಿಗುವ ಹೊತ್ತು ಎಷ್ಟು? ಬೆಳಗಿನ ಬೆಳಕು ಕಾಗದದ ಬಾಗಿಲ ಮೇಲೆ ಹೇಗೆ ಬೀಳುತ್ತದೆ, ಮಳೆ ಬಂದರೆ ಒಳಗಿನ ಸಣ್ಣ ತೋಟ ಹೇಗೆ ಕಾಣುತ್ತದೆ ಎಂಬುದೆಲ್ಲ ಎರಡನೆಯ ದಿನ ಏನೂ ಕೆಲಸವಿಲ್ಲದೆ ಕೂತಾಗ ತಿಳಿಯುವ ಸಂಗತಿಗಳು. ನೀವು ದುಡ್ಡು ಕೊಡುತ್ತಿರುವುದು ಅದಕ್ಕೇ. ಹಾಗಾಗಿ ಏಳು ಊರಿನ ಪಟ್ಟಿ ಬಿಟ್ಟು ಮೂರೇ ಊರಲ್ಲಿ ತಂಗಿ. ಹಕೋನೆ, ತಕಾಯಾಮಾ, ಕನಾಜಾವಾ ಈ ಸಲ ಬೇಡ. ಕನಾಜಾವಾ ಬಿಡಿ ಎನ್ನಲು ನನಗೂ ಮನಸ್ಸಿಲ್ಲ. ಆದರೆ ಅದಕ್ಕೆ ಬೇರೆಯೇ ಪ್ರವಾಸ ಬೇಕು.

ತಂಗುವ ಆ ಮೂರರಲ್ಲಿ ಟೋಕಿಯೊ ಬರುವ ಹೋಗುವ ದಾರಿ. ಬೆಂಗಳೂರಿನಿಂದ ಟೋಕಿಯೊದ ನರಿತಾ ನಿಲ್ದಾಣಕ್ಕೆ ನೇರ ವಿಮಾನವಿದೆ, ಆದ್ದರಿಂದ ತುದಿಗೊಂದು ರಾತ್ರಿ ಅಲ್ಲಿ ಸಾಕು. ಕ್ಯೋಟೊದಲ್ಲಿ ಮೂರು ರಾತ್ರಿ ಇರಿ, ನಾರಾವನ್ನು ಅಲ್ಲಿಂದಲೇ ಹಗಲಲ್ಲಿ ನೋಡಿ ಬನ್ನಿ. ಮಿಕ್ಕ ನಾಲ್ಕು ರಾತ್ರಿಗೆ ನಿಮ್ಮ ಪಟ್ಟಿಯಲ್ಲೇ ಇಲ್ಲದ ಒಂದು ಊರನ್ನು ಹೇಳುತ್ತೇನೆ. ಅದು ಒನೊಮಿಚಿ.

ಮೊದಲು ಕ್ಯೋಟೊ ವಿಷಯ ಮುಗಿಸೋಣ. ಅಲ್ಲಿನ ಹಳೆಯ ವರ್ತಕರ, ಕುಶಲಕರ್ಮಿಗಳ ಮರದ ಮನೆಗಳನ್ನು ಮಾಚಿಯಾ ಎನ್ನುತ್ತಾರೆ. ಬೀದಿಗೆ ಕಾಣುವ ಮುಖ ಕಿರಿದು, ಒಳಗೆ ಉದ್ದಕ್ಕೆ ಸಾಗುವ ಕೋಣೆಗಳು, ನಡುವೆ ಒಂದೆರಡು ಚಾಪೆಯಷ್ಟಗಲದ ತೋಟ. ನಮ್ಮ ತೊಟ್ಟಿಮನೆಗಳ ಹಾಗೆ ಅಲ್ಲೂ ಗಾಳಿ ಬೆಳಕು ಮನೆಯ ಮಧ್ಯದಿಂದಲೇ ಬರುತ್ತದೆ. 2016ರಲ್ಲಿ ಕ್ಯೋಟೊ ನಗರಾಡಳಿತ ಲೆಕ್ಕ ಹಾಕಿದಾಗ ಸುಮಾರು 40,000 ಮಾಚಿಯಾಗಳು ಉಳಿದಿದ್ದವು, ವರ್ಷ ವರ್ಷವೂ ಕೆಡವುತ್ತಲೇ ಇದ್ದರು. ಉಳಿದವುಗಳಲ್ಲಿ ಹಲವು ಇಂದು ಎರಡು, ನಾಲ್ಕು, ಎಂಟು ಕೋಣೆಗಳ ವಸತಿಗೃಹಗಳಾಗಿವೆ. ಇದಕ್ಕೆ ಕಾನೂನೂ ನೆರವಾಯಿತು. ಹಿಂದೆ ಹೋಟೆಲ್ ಎನಿಸಿಕೊಳ್ಳಲು ಕನಿಷ್ಠ 10 ಕೋಣೆ, ರ್ಯೋಕಾನ್ ಎಂಬ ಸಾಂಪ್ರದಾಯಿಕ ತಂಗುಮನೆಗೆ 5 ಕೋಣೆ ಇರಲೇಬೇಕಿತ್ತು. 2018ರಲ್ಲಿ ಆ ನಿಯಮ ತೆಗೆದರು. ಒಂದೇ ಕೋಣೆಯ ಹೋಟೆಲ್ ಕೂಡ ಸಾಧ್ಯವಾಯಿತು.

ನಿಮ್ಮ ಮೂವರಿಗೆ ಕ್ಯೋಟೊದಲ್ಲಿ ಕೋಣೆಗಿಂತ ಇಡೀ ಮಾಚಿಯಾ ಬಾಡಿಗೆಗೆ ಹಿಡಿಯುವುದೇ ಒಳ್ಳೆಯದು. ಸಣ್ಣ ಅಡುಗೆಮನೆ ಇರುತ್ತದೆ. ಅತ್ತೆಯವರಿಗೆ ಬೆಳಿಗ್ಗೆ ಹಾಲು ಕಾಯಿಸಿಕೊಡಬಹುದು, ಅನ್ನಕ್ಕಿಡಬಹುದು. ಕಡಕ್ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿಪುಡಿ ಒಯ್ಯಿರಿ. ಹಸಿ ತರಕಾರಿ, ಹಣ್ಣು ಬೇಡ, ವಿಮಾನ ನಿಲ್ದಾಣದ ಸಸ್ಯ ತಪಾಸಣೆ ಬಿಗಿಯಾಗಿದೆ. ಇನ್ನೊಂದು ಮಾತು: ಒಗ್ಗರಣೆ ಮಾತ್ರ ಹಾಕಬೇಡಿ. ಕಾಗದದ ಬಾಗಿಲು, ಹುಲ್ಲಿನ ತತಾಮಿ ಚಾಪೆ ವಾಸನೆಯನ್ನು ಹಿಡಿದಿಟ್ಟುಕೊಂಡರೆ ನಿಮ್ಮ ನಂತರ ಬರುವವರಿಗೂ ಅದೇ ಗತಿ.

ಆದರೆ ಬುಕಿಂಗ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಮಲಗುವ ಕೋಣೆ ಕೆಳಗೋ, ಮೇಲೋ? ಮಾಚಿಯಾದ ಮೆಟ್ಟಿಲು ಬಹಳ ಕಡಿದು. ಕೆಲವು ಮನೆಗಳಲ್ಲಿ ಮೆಟ್ಟಿಲ ಅಡಿಯೇ ಕಪಾಟು, ಒಂದೊಂದು ಹೆಜ್ಜೆಯ ಕೆಳಗೂ ಒಂದೊಂದು ಸೆಳೆಖಾನೆ. ಚಿತ್ರದಲ್ಲಿ ನೋಡಲು ಎಷ್ಟು ಚೆಂದವೋ, ರಾತ್ರಿ ಎರಡಕ್ಕೆ ಬಚ್ಚಲಿಗೆ ಇಳಿಯುವ ಮೊಣಕಾಲಿಗೆ ಅಷ್ಟೇ ಕಷ್ಟ. ನೆಲದ ಮೇಲೆ ಹಾಸುವ ಫುಟಾನ್ ಹಾಸಿಗೆ ಮೆತ್ತಗೇನೋ ಇರುತ್ತದೆ, ಎದ್ದು ನಿಲ್ಲಲು ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಆದ್ದರಿಂದ ಕೆಳಗಿನ ಕೋಣೆ, ಮಂಚ, ಅದೇ ಮಹಡಿಯಲ್ಲಿ ಬಚ್ಚಲು, ಈ ಮೂರೂ ಇರುವ ಮನೆಯನ್ನೇ ಹುಡುಕಿ. ಹೊಸದಾಗಿ ದುರಸ್ತಿಯಾದ ಮನೆಗಳಲ್ಲಿ ಸಿಗುತ್ತವೆ. ಇನ್ನು, ಈ ಮನೆಗಳನ್ನು ಕಟ್ಟಿದ್ದು ಕ್ಯೋಟೊದ ಸೆಕೆ ತಡೆಯಲು, ಚಳಿಗಲ್ಲ. ನವೆಂಬರ್ ಕೊನೆಗೆ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ. ನೆಲಕ್ಕೆ ಬಿಸಿ ಬರುವ ವ್ಯವಸ್ಥೆ ಇದೆಯೇ ಎಂದು ಕೇಳಿ.

ಗೀಶಾಗಳಿಗೆ ಹೆಸರಾದ ಕ್ಯೋಟೊದ ಗಿಯೋನ್ ಬೀದಿಗಳ ನಡುವೆಯೇ ಉಳಿಯುವ ಆಸೆ ಬೇಡ. ಜನರ ಕಾಟಕ್ಕೆ ಬೇಸತ್ತು ಅಲ್ಲಿನವರು ತಮ್ಮ ಖಾಸಗಿ ಗಲ್ಲಿಗಳಲ್ಲಿ ಪ್ರವಾಸಿಗರು ಕಾಲಿಡಬಾರದೆಂದು ಫಲಕ ಹಾಕಿದ್ದಾರೆ, ಮೀರಿದರೆ 10,000 ಯೆನ್ ದಂಡ ಎಂದೂ ಬರೆದಿದ್ದಾರೆ. ನೀವು ಹೋಗುವ ಹೊತ್ತು ಬೇರೆ ಮೇಪಲ್ ಎಲೆ ಕೆಂಪಾಗುವ ವಾರ, ಊರು ಕಿಕ್ಕಿರಿದಿರುತ್ತದೆ. ಅರಮನೆಯ ಸುತ್ತಲಿನ ಅಥವಾ ನಿಜೊ ಕೋಟೆ ಕಡೆಯ ಒಳಬೀದಿಗಳು ಶಾಂತವಾಗಿವೆ.

ಖರ್ಚಿನ ಲೆಕ್ಕದಲ್ಲಿ ಎರಡು ಕಡೆ ನಮ್ಮವರು ಎಡವುತ್ತಾರೆ. ಜಪಾನಿನ ಸಾಂಪ್ರದಾಯಿಕ ವಸತಿಗಳಲ್ಲಿ ದರ ಕೋಣೆಗಲ್ಲ, ತಲೆಗೆ. ಕಂಡ ಬೆಲೆ ಒಬ್ಬರದೋ, ಕೋಣೆಯದೋ, ಎರಡು ಹೊತ್ತಿನ ಊಟ ಸೇರಿದೆಯೋ ಇಲ್ಲವೋ ನೋಡಿಯೇ ಮುಂದುವರಿಯಿರಿ. ಎರಡನೆಯದು ಕ್ಯೋಟೊದ ವಸತಿ ತೆರಿಗೆ. 2018ರಿಂದಲೇ ಇತ್ತು, ಮಾರ್ಚ್ 2026ರಿಂದ ಏರಿದೆ. ತಲೆಗೆ ರಾತ್ರಿಯೊಂದಕ್ಕೆ 6,000ದಿಂದ 20,000 ಯೆನ್ ಒಳಗಿನ ವಸತಿಗೆ 400 ಯೆನ್, ಅದಕ್ಕೆ ಮೇಲ್ಪಟ್ಟು 50,000ದ ಒಳಗಾದರೆ 1,000 ಯೆನ್. ತಲೆಗೆ ಲಕ್ಷ ಯೆನ್ ಮುಟ್ಟುವ ವಸತಿಗೆ ತೆರಿಗೆಯೇ 10,000. ಇನ್ನು, ಎಷ್ಟು ಸಲವಾದರೂ ರೈಲು ಹತ್ತಲು ಪ್ರವಾಸಿಗರು ಕೊಳ್ಳುವ ಜೆಆರ್ (ಜಪಾನ್ ರೈಲ್ವೆ) ಪಾಸ್ ಮಾಡಿಸಬೇಡಿ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 29,650ರಿಂದ 50,000 ಯೆನ್‌ಗೆ ಜಿಗಿದ ಮೇಲೆ ನಿಮ್ಮ ಹಾದಿಗೆ ಬಿಡಿ ಟಿಕೆಟ್‌ಗಳೇ ಅಗ್ಗ.

ಈಗ ಒನೊಮಿಚಿ. ಹಿರೋಶಿಮಾ ಪ್ರಾಂತ್ಯದ ಹಳೆಯ ಬಂದರು ಇದು. ಮುಂದೆ ಸೆತೊ ಒಳಗಡಲು, ಹಿಂದೆ ಗುಡ್ಡ, ನಡುವಿನ ಇಕ್ಕಟ್ಟಿನಲ್ಲಿ ರೈಲುಹಳಿ, ಅಂಗಡಿಬೀದಿ, ಗುಡ್ಡದ ಮೈತುಂಬ ಮನೆಗಳು ಮತ್ತು ದೇವಾಲಯಗಳು. ಆ ಮನೆಗಳಿಗೆ ಕಾರು ಹೋಗುವ ರಸ್ತೆಯಿಲ್ಲ, ಕಲ್ಲಿನ ಮೆಟ್ಟಿಲುಗಳೇ ದಾರಿ. ಸರಿಯಾದ ಅಗಲದ ರಸ್ತೆ ಇಲ್ಲದ ಜಾಗದಲ್ಲಿ ಹೊಸ ಮನೆ ಕಟ್ಟಲು ಜಪಾನಿನ ಕಟ್ಟಡ ಕಾನೂನು ಬಿಡುವುದಿಲ್ಲ. ಹಾಗಾಗಿ ಕೆಡವಿದರೆ ಕೆಟ್ಟಂತೆ, ಇದ್ದದ್ದನ್ನೇ ದುರಸ್ತಿ ಮಾಡಿಕೊಳ್ಳಬೇಕು. ವಯಸ್ಸಾದವರು ಮೆಟ್ಟಿಲಿಗೆ ಹೆದರಿ ಇಳಿದು ಹೋದರು, ಮನೆಗಳು ಪಾಳುಬಿದ್ದವು. ಕೆಲವನ್ನು ಈಚಿನ ವರ್ಷಗಳಲ್ಲಿ ಊರಿನವರೇ ಎತ್ತಿ ನಿಲ್ಲಿಸಿ ಅಂಗಡಿ, ತಂಗುಮನೆ ಮಾಡಿದ್ದಾರೆ.

ಆ ಗುಡ್ಡದಲ್ಲಿ 1963ರಲ್ಲಿ ಕಟ್ಟಿದ ಒಂದು ಕಾಂಕ್ರೀಟ್ ಅಪಾರ್ಟ್‌ಮೆಂಟ್ ಇತ್ತು. ಅದು ಈಗ 'ಲಾಗ್' ಎಂಬ ಹೋಟೆಲ್, ತೆರೆದದ್ದು ಡಿಸೆಂಬರ್ 2018ರಲ್ಲಿ. ರೂಪಿಸಿದವರು ನಮ್ಮ ವಾಸ್ತುಶಿಲ್ಪಿ ಬಿಜೊಯ್ ಜೈನ್, ಅವರ 'ಸ್ಟುಡಿಯೊ ಮುಂಬೈ' ಸಂಸ್ಥೆ ಭಾರತದ ಹೊರಗೆ ಮಾಡಿದ ಮೊದಲ ಕಟ್ಟಡ. ಕಲ್ಲು, ಮರ, ಸುಣ್ಣವನ್ನು ಕೈಯಲ್ಲೇ ಹದಗೊಳಿಸಿ, ಬಡಗಿಗಳನ್ನು ಜೊತೆಗೆ ಕೂರಿಸಿಕೊಂಡು ಕೆಲಸ ಮಾಡುವ ಅವರಿಗೆ ಕ್ಯೋಟೊ ಪ್ರಾಂತ್ಯದ ಒಬ್ಬ ಕೈಕಾಗದದ ಕುಶಲಕರ್ಮಿ ಜೊತೆಯಾದರು. ಇರುವುದು ಆರೇ ಕೋಣೆ. ಅವುಗಳ ಗೋಡೆ, ಮಾಡು, ನೆಲ ಎಲ್ಲಕ್ಕೂ ವಾಶಿ ಎಂಬ ಜಪಾನಿ ಕೈಕಾಗದ ಅಂಟಿಸಿದ್ದಾರೆ. ನೆಲಕ್ಕೂ ಕಾಗದವೇ ಎಂದರೆ ನಂಬಲಿಕ್ಕಾಗದು, ಆದರೆ ವಾಶಿಯ ನಾರು ಉದ್ದ, ಹರಿಯುವುದಿಲ್ಲ. ಬರಿಗಾಲಲ್ಲಿ ನಡೆದರೆ ಹೆಂಚಿನ ತಣ್ಣಗೂ ಇಲ್ಲ, ಮರದ ನುಣುಪೂ ಇಲ್ಲ. ಬೆಳಕು ಅದರ ಮೇಲೆ ಬಿದ್ದು ಮಿಂಚದೆ ಮೆತ್ತಗಾಗುತ್ತದೆ. ಡಿಸೈನ್ ಹೋಟೆಲ್ ಎಂದರೆ ದುಬಾರಿ ಕುರ್ಚಿ, ವಿಚಿತ್ರ ನಲ್ಲಿ ಎಂದುಕೊಳ್ಳುವವರು ಬಹಳ. ಅರವತ್ತು ವರ್ಷದ ಸಾಧಾರಣ ಕಾಂಕ್ರೀಟ್ ಕಟ್ಟಡವೊಂದನ್ನು ಕೆಡವದೆ, ಅದರೊಳಗೆ ಕಾಗದದ ಕೋಣೆಗಳನ್ನು ಕೂರಿಸಿದ ಈ ಕೆಲಸದ ಬಗ್ಗೆ ನನಗೆ ಬಹಳ ಗೌರವ. ಹಳೆಯದೆಂದರೆ ನಾನೂರು ವರ್ಷದ್ದೇ ಆಗಬೇಕಿಲ್ಲ, ಮೊನ್ನೆಮೊನ್ನೆಯದಕ್ಕೂ ಮರ್ಯಾದೆ ಸಲ್ಲಬೇಕು ಎಂದು ತಿಳಿದವರು ಮಾಡಿದ್ದು ಇದು.

ಆದರೆ ನಿಮ್ಮ ಅತ್ತೆಯವರು ಅಲ್ಲಿಗೆ ಹತ್ತುವುದು ಬೇಡ. ಕೋಣೆ ಎಷ್ಟೇ ಚೆನ್ನಾಗಿದ್ದರೂ ಅಲ್ಲಿಗೆ ಮುಟ್ಟುವ ದಾರಿ ಮೆಟ್ಟಿಲುಗಳದ್ದೇ, ದಿನಕ್ಕೆರಡು ಸಲ ಇಳಿದು ಹತ್ತಿದರೆ ಮೂರನೆಯ ದಿನ ಅವರು ಕೋಣೆ ಬಿಟ್ಟು ಹೊರಗೇ ಬರುವುದಿಲ್ಲ. ಅವರಿಗೆ ಬೇಜಾರು, ನಿಮಗೆ ಅಪರಾಧಿ ಭಾವ. ಊರಿನ ತಗ್ಗಿನಲ್ಲಿ, ಕಡಲ ದಂಡೆಗೆ ತಾಗಿ, 'ಒನೊಮಿಚಿ ಯು2' ಇದೆ. 1943ರ ಬಂದರು ಗೋದಾಮಿನೊಳಗೆ 2014ರಲ್ಲಿ ಮಾಡಿದ್ದು. ಅದರ 'ಹೋಟೆಲ್ ಸೈಕಲ್'ನಲ್ಲಿ 28 ಕೋಣೆಗಳಿವೆ. ಸಮತಟ್ಟು ನೆಲ, ರೈಲು ನಿಲ್ದಾಣದಿಂದ ನಡೆದೇ ಹೋಗುವಷ್ಟು ಹತ್ತಿರ, ಬೇಕರಿ, ಕಾಫಿ, ಊಟ ಒಂದೇ ಸೂರಿನಡಿ. ಸೈಕಲನ್ನು ಕೋಣೆಯೊಳಗೇ ಒಯ್ದು ಗೋಡೆಗೆ ತೂಗುಹಾಕಬಹುದು. ನಿಮ್ಮ ಯಜಮಾನರಿಗೆ ಬೇರೆ ಏನು ಬೇಕು? ಶಿಮಾನಾಮಿ ಕೈದೊ ಸೈಕಲ್ ಹಾದಿ ಶುರುವಾಗುವುದೇ ಈ ಊರಿನಲ್ಲಿ. ಐದು ನಿಮಿಷದ ದೋಣಿಯಲ್ಲಿ ಎದುರಿನ ಮುಕೈಶಿಮಾ ದ್ವೀಪಕ್ಕೆ ದಾಟಿ, ಅಲ್ಲಿಂದ ದ್ವೀಪ ದ್ವೀಪಕ್ಕೂ ಹಾಕಿದ ಸೇತುವೆಗಳ ಮೇಲೆ ಶಿಕೋಕುವಿನ ಇಮಾಬರಿ ತನಕ ಸುಮಾರು 70 ಕಿಲೋಮೀಟರ್. ಪೂರ್ತಿ ಹೋಗಲೇಬೇಕೆಂದಿಲ್ಲ, ಒಂದೆರಡು ಸೇತುವೆ ದಾಟಿ ಸಂಜೆಯೊಳಗೆ ಮರಳಲಿ.

ನಾಲ್ಕೂ ರಾತ್ರಿ ಮೂವರೂ ಯು2ನಲ್ಲೇ ಇರಿ. ಅದರಲ್ಲಿ ಒಂದು ಮಧ್ಯಾಹ್ನ ನೀವೊಬ್ಬರೇ ಗುಡ್ಡ ಹತ್ತಿ ಲಾಗ್‌ನ ಕೆಫೆಯಲ್ಲಿ ಚಹಾ ಕುಡಿದು ಬನ್ನಿ. ಮುಂದೊಮ್ಮೆ ದಂಪತಿಗಳಾಗಿ ಹೋದಾಗ ಅಲ್ಲಿ ಉಳಿಯಿರಿ. ಅತ್ತೆಯವರಿಗೆ ಸುಮಾರು 1.2 ಕಿಲೋಮೀಟರ್ ಉದ್ದದ, ಮೇಲೆ ಮಾಡು ಹಾಕಿದ ಅಂಗಡಿಬೀದಿ ಇದೆ, ಮಳೆ ಬಂದರೂ ನಿಧಾನಕ್ಕೆ ನಡೆಯಬಹುದು. ಗುಡ್ಡದ ಮೇಲಿನ ಸೆಂಕೋಜಿ ದೇವಾಲಯದ ಕಡೆಗೆ ರೋಪ್‌ವೇ ಇದೆ. ಕೆಳಗಿನ ಜೋದೊಜಿ ದೇವಾಲಯದ ಮುಖ್ಯ ಮಂದಿರ ಮತ್ತು ಗೋಪುರ ಎರಡೂ ರಾಷ್ಟ್ರೀಯ ಸಂಪತ್ತುಗಳು, ಅದನ್ನು ಬಿಡಬೇಡಿ. ಹಿರೋಶಿಮಾಕ್ಕೂ ಇಲ್ಲಿಂದಲೇ ಒಂದು ದಿನ ಹೋಗಿ ಬರಬಹುದು.

ಊಟದ ಭಯಕ್ಕೆ ಬರೋಣ. ಮಾಂಸ, ಮೀನು ಬೇಡ ಎಂದಷ್ಟೇ ಹೇಳಿದರೆ ಜಪಾನಿನಲ್ಲಿ ಕೆಲಸ ಆಗುವುದಿಲ್ಲ. ಸಾರಿನ ಮೂಲವೇ ದಾಶಿ, ಅದನ್ನು ಮಾಡುವುದು ಹೆಚ್ಚಾಗಿ ಒಣಗಿಸಿದ ಕತ್ಸುವೊ ಮೀನಿನ ತೆಳು ಚೂರುಗಳಿಂದ. ಬೇಯಿಸಿದ ಪಲ್ಯ, ಮಿಸೊ ಸಾರು, ತೋಫುವಿನ ಜೊತೆ ಕೊಡುವ ಅದ್ದುವ ರಸ, ಎಲ್ಲದರಲ್ಲೂ ಅದು ಇರಬಹುದು. ಕೊಂಬು ಎಂಬ ಕಡಲಪಾಚಿಯಿಂದಷ್ಟೇ ಮಾಡುವ ದಾಶಿಯೂ ಇದೆ. ನೀವು ಕೇಳಬೇಕಾದದ್ದು ಅದನ್ನೇ. ಒನೊಮಿಚಿಯ ಹೆಸರಾದ ರಾಮೆನ್ ಎಂಬ ನೂಡಲ್ ಸಾರು ನಿಮಗಲ್ಲ, ಅದರ ಮೇಲೆ ತೇಲುವುದು ಹಂದಿಯ ಕೊಬ್ಬು. ಅತ್ತೆಯವರಿಗೆ ನಿಶ್ಚಿಂತೆಯಾಗಿ ಬಡಿಸಬಹುದಾದದ್ದು ಬೌದ್ಧ ಮಠಗಳ ಶೋಜಿನ್ ಅಡುಗೆ. ಅದರಲ್ಲಿ ಮಾಂಸ ಮೀನಷ್ಟೇ ಅಲ್ಲ, ಉಳ್ಳಾಗಡ್ಡಿ, ಬೆಳ್ಳುಳ್ಳಿಯೂ ನಿಷಿದ್ಧ. ಕ್ಯೋಟೊದ ಅರಾಶಿಯಾಮಾದಲ್ಲಿ ತೆನ್‌ರ್ಯೂಜಿ ದೇವಾಲಯದ ಆವರಣದಲ್ಲೇ 'ಶಿಗೆತ್ಸು' ಎಂಬಲ್ಲಿ ಮಧ್ಯಾಹ್ನ ಈ ಊಟ ಸಿಗುತ್ತದೆ. ಎಲೆ ಕೆಂಪಾಗುವ ಕಾಲ, ಮೊದಲೇ ಕಾದಿರಿಸಿ.

ಲಗೇಜ್ ವಿಚಾರ ಚುಟುಕಾಗಿ. ದೊಡ್ಡ ಸೂಟ್‌ಕೇಸ್‌ಗಳನ್ನು ಕ್ಯೋಟೊದಿಂದ ಒನೊಮಿಚಿಗೆ ತಕ್ಯೂಬಿನ್ ಎಂಬ ಲಗೇಜ್ ಮುಟ್ಟಿಸುವ ಸೇವೆಯಲ್ಲಿ ಹಿಂದಿನ ದಿನವೇ ಕಳಿಸಿ, ನಿಮ್ಮ ಕೈಯಲ್ಲಿ ಒಂದು ರಾತ್ರಿಯ ಬಟ್ಟೆಯಷ್ಟೇ ಇರಲಿ. ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಉದ್ದ, ಅಗಲ, ಎತ್ತರ ಕೂಡಿ 160 ಸೆಂಟಿಮೀಟರ್ ಮೀರಿದ ಪೆಟ್ಟಿಗೆ ಇದ್ದರೆ, ಅದನ್ನಿಡಲು ಜಾಗವಿರುವ ಆಸನವನ್ನೇ ಮೊದಲು ಕಾದಿರಿಸಬೇಕು, ಆ ತಾಪತ್ರಯವೂ ತಪ್ಪುತ್ತದೆ. ಕ್ಯೋಟೊದಿಂದ ಫುಕುಯಾಮಾಕ್ಕೆ ಸುಮಾರು ಒಂದೂವರೆ ತಾಸು, ಅಲ್ಲಿಂದ ಲೋಕಲ್ ರೈಲಿನಲ್ಲಿ ಇಪ್ಪತ್ತು ನಿಮಿಷ. ಚಕ್ರದ ಪೆಟ್ಟಿಗೆಯನ್ನು ತತಾಮಿ ಮೇಲೆ ಎಳೆಯಬೇಡಿ, ಎತ್ತಿಕೊಂಡು ಹೋಗಿ.

ಕೊನೆಯದಾಗಿ, ಬುಕಿಂಗ್ ಆಯಿತೆಂದು ಸುಮ್ಮನಾಗಬೇಡಿ, ಪ್ರತಿ ಮನೆಗೂ ಒಂದು ಇ-ಮೇಲ್ ಬರೆಯಿರಿ. ಸಣ್ಣ ಹೋಟೆಲಿನಲ್ಲಿ ಅಡುಗೆಯವರು ನಿಮಗೆಂದೇ ಸಾಮಾನು ತರುತ್ತಾರೆ, ಹೋದ ಮೇಲೆ ಹೇಳಿದರೆ ಅವರಿಗೂ ಮುಜುಗರ, ನಿಮಗೂ ಹಸಿವು. ಎಷ್ಟು ಹೊತ್ತಿಗೆ ಮುಟ್ಟುತ್ತೀರಿ, ಅತ್ತೆಯವರ ವಯಸ್ಸು ಮತ್ತು ಮೊಣಕಾಲು, ಮಂಚ ಬೇಕೆಂಬುದು, ಏನೇನು ತಿನ್ನುವುದಿಲ್ಲ, ಹಾಲು ಮೊಸರು ತಿನ್ನುತ್ತೀರಿ ಎಂಬುದು, ಕೊಂಬು ದಾಶಿ ಆಗುತ್ತದೆ ಎಂಬುದು, ಇಷ್ಟನ್ನೂ ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆಯಿರಿ. ಅವರು 'ಆಗುವುದಿಲ್ಲ' ಎಂದರೆ ಒತ್ತಾಯ ಮಾಡದೆ ಊಟವಿಲ್ಲದ ದರದ ಕೋಣೆ ಕೇಳಿ. ನವೆಂಬರ್ ಕೊನೆಯ ವಾರಕ್ಕೆ ಕ್ಯೋಟೊದಲ್ಲಿ ಕೆಳಮಹಡಿಯ ಮಲಗುಕೋಣೆ ಇರುವ ಮನೆಗಳು ಬೇಗ ತುಂಬುತ್ತವೆ. ಒನೊಮಿಚಿಗಿಂತ ಮೊದಲು ಅಲ್ಲಿಗೇ ಬರೆಯಿರಿ, ಈ ವಾರವೇ.