ಹಿತ್ತಲಿಗೆ ಯಾವ ಕೋಳಿ? ಮೊದಲು ಹಿತ್ತಲು ಹೇಗಿದೆ ಹೇಳಿ

ಹಿತ್ತಲಲ್ಲಿ ಹತ್ತು ಕೋಳಿ ಸಾಕಬೇಕೆಂದಿದ್ದೇವೆ. ಮಾಂಸಕ್ಕಲ್ಲ, ತತ್ತಿಗೆ. ಎಲ್ಲಕ್ಕಿಂತ ಜಾಸ್ತಿ ತತ್ತಿ ಇಡುವ ತಳಿ ಯಾವುದು? ಗಿರಿರಾಜ ತರಬಹುದಾ?
– ಓದುಗರೊಬ್ಬರು, ಅಮ್ಮಿನಬಾವಿ

ಪ್ರತಿ ಸಲ ಇದೇ ಪ್ರಶ್ನೆ. ಹಿತ್ತಲಿಗೆ ಬೇಲಿ ಇದೆಯಾ, ಮುಂಗುಸಿ ಓಡಾಡುತ್ತದಾ, ಕಾಳು ಎಷ್ಟು ಹಾಕುತ್ತೀರಿ ಅನ್ನುವುದನ್ನು ಮಾತ್ರ ಯಾರೂ ಬರೆಯುವುದಿಲ್ಲ.

ಬರೀ ಸಂಖ್ಯೆಯೇ ಬೇಕಿದ್ದರೆ ಬಿವಿ 380 ಇದೆ, ಫಾರ್ಮಿನ ಲೇಯರ್, ಅಂದರೆ ತತ್ತಿಗೆಂದೇ ಸಾಕುವ ಕೋಳಿ. ವರ್ಷಕ್ಕೆ 300ರ ಹತ್ತಿರ ಇಡುತ್ತದೆ. ಆದರೆ ಅದು ಪಂಜರದ ಲೆಕ್ಕ. ದಿನಕ್ಕೆ 100 ಗ್ರಾಂಗೂ ಮಿಕ್ಕಿ ಲೇಯರ್ ಫೀಡ್, 16 ತಾಸು ಬೆಳಕು ಕೊಟ್ಟಾಗ ಬರುವ ಲೆಕ್ಕ. ಅದನ್ನೇ ತಂದು ಹಿತ್ತಲಿಗೆ ಬಿಟ್ಟು, ಉಳಿದ ಅನ್ನ, ಒಂದು ಹಿಡಿ ಗೋವಿನಜೋಳ ಚೆಲ್ಲಿ, ಆಮೇಲೆ ‘ತಳಿ ಮೋಸ ಆಯ್ತು ಸರ್’ ಎಂದು ನನಗೆ ಫೋನ್ ಮಾಡಬೇಡಿ.

ಗಿರಿರಾಜ ಒಳ್ಳೆಯ ಕೋಳಿಯೇ. ಆದರೆ ಮೈಭಾರದ್ದು, ಓಡುವುದು ಕಷ್ಟ. ವರ್ಷಕ್ಕೆ 130ರಿಂದ 150 ತತ್ತಿ. ಮನೆಯಲ್ಲಿ ಮಾಂಸ ತಿನ್ನುವವರಿಗೆ ಸರಿ, ನಿಮಗಲ್ಲ. ಹೈದರಾಬಾದಿನ ವನರಾಜಕ್ಕೂ ಇದೇ ಮಾತು. ನೀವು ಸ್ವರ್ಣಧಾರಾ ತನ್ನಿ. ನಮ್ಮ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ 2005ರಲ್ಲಿ ಬಿಡುಗಡೆ ಮಾಡಿದ್ದು. ಚೆನ್ನಾಗಿ ನೋಡಿಕೊಂಡರೆ 180ರ ಆಸುಪಾಸು ಇಡುತ್ತದೆ. ಗಿರಿರಾಜಕ್ಕಿಂತ ಹಗುರ, ನಾಯಿ ಬೆನ್ನಟ್ಟಿದರೆ ತಪ್ಪಿಸಿಕೊಳ್ಳುತ್ತದೆ. ಅದು ಸಿಗದಿದ್ದರೆ ಗ್ರಾಮಪ್ರಿಯ.

ಹತ್ತೂ ಅದನ್ನೇ ತರಬೇಡಿ. ಎಂಟು ಸ್ವರ್ಣಧಾರಾ ಇರಲಿ, ಎರಡು ಜವಾರಿ ಹ್ಯಾಟೆ ಇರಲಿ. ಜವಾರಿ ವರ್ಷಕ್ಕೆ ಇಡುವುದು ಐವತ್ತು ಅರವತ್ತೇ. ಆದರೆ ಕಾವಿಗೆ ಕೂರುವುದು ಅದೇ, ಮರಿ ಬೆಳೆಸುವುದೂ ಅದೇ. ಸುಧಾರಿತ ತಳಿಗಳಲ್ಲಿ ಕಾವಿನ ಗುಣವನ್ನೇ ಕಳೆದಿದ್ದಾರೆ, ಏಕೆಂದರೆ ಕಾವಿಗೆ ಕೂತ ಕೋಳಿ ತತ್ತಿ ನಿಲ್ಲಿಸುತ್ತದೆ. ಮರಿ ಬೇಕಿದ್ದರೆ ಜವಾರಿಯ ತತ್ತಿಯನ್ನೇ ಕಾವಿಗೆ ಇಡಿ. ಸ್ವರ್ಣಧಾರಾ ಮಿಶ್ರ ತಳಿ. ಅದರ ತತ್ತಿ ಕಾವಿಗೆ ಇಟ್ಟರೆ ಡಿಸಿಎಚ್ 32 ಹೈಬ್ರಿಡ್ ಹತ್ತಿಯ ಬೀಜ ಮರಳಿ ಬಿತ್ತಿದ ಹಾಗೆ, ಮರಿ ಒಂದೊಂದೂ ಒಂದೊಂದು ತರ.

ಈಗ ನನಗೆ ನಿಜಕ್ಕೂ ಸಿಟ್ಟು ಬರುವ ಸಂಗತಿ. ಬೈಕಿಗೆ ಬುಟ್ಟಿ ಕಟ್ಟಿಕೊಂಡು ‘ಗಿರಿರಾಜ, ಗಿರಿರಾಜ’ ಎಂದು ಕೂಗುತ್ತ ಬರುವವನ ಹತ್ತಿರ ಮರಿ ಕೊಳ್ಳಬೇಡಿ. ಅವು ಎಷ್ಟೋ ಸಲ ಲೇಯರ್ ಹ್ಯಾಚರಿಯವರು ಬೇಡವೆಂದ ಹುಂಜ ಮರಿಗಳು. ಐದು ತಿಂಗಳು ಕಾಳು ಹಾಕಿದ ಮೇಲೆ ಎಲ್ಲವೂ ಕೂಗಲು ಶುರು ಮಾಡುತ್ತವೆ. ಜಾತ್ರೆಯ ಗುಲಾಬಿ, ಹಸಿರು ಬಣ್ಣದ ಮರಿಗಳ ಕಥೆಯೂ ಅದೇ.

ಸಂತೆಯಲ್ಲಿ ‘ಈಗಷ್ಟೇ ತತ್ತಿಗೆ ಬಂದಿದೆ’ ಎಂದು ಮಾರುವ ಕೆಂಪು ಕೋಳಿಯನ್ನು ಕೈಗೆತ್ತಿಕೊಂಡು ನೋಡಿ. ಕೊಕ್ಕಿನ ತುದಿ ಕತ್ತರಿಸಿದೆಯಾ? ಕತ್ತಿನ ಗರಿ ಸವೆದು ಚರ್ಮ ಕಾಣುತ್ತದಾ? ಕೆದರಿ ಗೊತ್ತಿಲ್ಲದ ಉಗುರು ಉದ್ದ ಬೆಳೆದಿದೆಯಾ? ಹಾಗಿದ್ದರೆ ಅದು ಪಂಜರದಲ್ಲಿ ವರ್ಷಕ್ಕೂ ಮೇಲೆ ತತ್ತಿ ಇಟ್ಟು ಮುಗಿಸಿದ ಕೋಳಿ. ಆಮೇಲೆ ಬಾಲದ ಕೆಳಗಿನ ಎರಡು ಎಲುಬಿನ ನಡುವೆ ಬೆರಳಿಡಿ. ಎರಡು ಮೂರು ಬೆರಳು ಹಿಡಿಸಿದರೆ ತತ್ತಿ ಇಡುತ್ತಿದೆ. ಒಂದು ಬೆರಳೂ ಹಿಡಿಸದಿದ್ದರೆ ಕೆಳಗಿಳಿಸಿ ಮುಂದೆ ನಡೆಯಿರಿ. ಮಾರುವವನು ಗೊಣಗುತ್ತಾನೆ, ಗೊಣಗಲಿ.

ಮರಿ ಬೇಕಾದರೆ ಪಶುವೈದ್ಯಕೀಯ ಕಾಲೇಜಿನಲ್ಲೋ, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ. ಕಾಯಬೇಕಾಗಬಹುದು, ಕಾಯಿರಿ. ದಿನದ ಮರಿ ಬೇಡ, ಆರು ವಾರ ಬೆಳೆಸಿ ಲಸಿಕೆ ಹಾಕಿದ್ದು ಸಿಕ್ಕರೆ ನಾಲ್ಕು ಕಾಸು ಜಾಸ್ತಿ ಕೊಟ್ಟಾದರೂ ತನ್ನಿ.

ಕೊಕ್ಕರೆ ರೋಗಕ್ಕೆ (ರಾಣಿಖೇತ್) ಬೆಳ್ಳುಳ್ಳಿ, ಅರಿಶಿನ ಕೊಟ್ಟರೆ ಸಾಕು ಅನ್ನುತ್ತಾರೆ. ನಿಜವಾ?
– ರಾಣೆಬೆನ್ನೂರಿನಿಂದ

ಸುಳ್ಳು. ಅದು ವೈರಸ್, ಬಂದ ಮೇಲೆ ಔಷಧವಿಲ್ಲ. ಮರಿಯ ಮೊದಲ ವಾರದಲ್ಲಿ ಲಸೋಟಾ ಲಸಿಕೆ, ನಾಲ್ಕನೇ ವಾರ ಮತ್ತೊಮ್ಮೆ, ಎಂಟು ವಾರ ದಾಟಿದ ಮೇಲೆ ಆರ್‌ಟುಬಿ ಲಸಿಕೆಯ ಚುಚ್ಚುಮದ್ದು. ಒಂದು ಬಾಟಲಿಯಲ್ಲಿ ನೂರೋ ಅದಕ್ಕೂ ಹೆಚ್ಚೋ ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಅದಕ್ಕೇ ಓಣಿಯವರೆಲ್ಲ ಸೇರಿ ತನ್ನಿ, ಐಸ್ ಡಬ್ಬಿಯಲ್ಲಿ ತನ್ನಿ. ಅಂಗಿ ಜೇಬಿನಲ್ಲಿಟ್ಟು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತಂದ ಲಸಿಕೆ ಬರೀ ನೀರು.

ಕಡಕನಾಥ ಕರಿಕೋಳಿ ಸಾಕಿದರೆ ಲಾಭವಾ? ಅದರ ತತ್ತಿ ಕಪ್ಪಗಿರುತ್ತದಾ?
– ಗದಗದಿಂದ

ತತ್ತಿ ಕಪ್ಪಗಿರುವುದಿಲ್ಲ, ವರ್ಷಕ್ಕೆ 100 ದಾಟಿದರೆ ಹೆಚ್ಚು. ಕಾಯಿಲೆ ವಾಸಿ ಮಾಡುತ್ತದೆ ಎಂದು ತತ್ತಿ ಮಾರುವವರಿಂದ ದೂರವಿರಿ.

ಹುಂಜ ಇಲ್ಲದೆ ತತ್ತಿ ಬರುತ್ತದಾ?

ಬರುತ್ತದೆ. ಮರಿ ಬರುವುದಿಲ್ಲ.

ಬ್ಯಾಡಗಿ ಮೆಣಸಿನಕಾಯಿ ಹಾಕಿದರೆ ತತ್ತಿ ಜಾಸ್ತಿಯಾಗುತ್ತದೆ ಅಂತಾರಲ್ಲ?
– ಹಾವೇರಿಯಿಂದ

ಜಾಸ್ತಿಯಾಗುವುದಿಲ್ಲ. ಒಳಗಿನ ಹಳದಿ ಕೆಂಪೇರುತ್ತದೆ, ಅಷ್ಟೇ. ಕೋಳಿಗೆ ಖಾರವೇ ಗೊತ್ತಾಗುವುದಿಲ್ಲ, ತಿನ್ನುತ್ತದೆ. ಆದರೆ ಮಾರಾಟವಾಗದೆ ಉಳಿದ ಬೂಸಲು ಹಿಡಿದ ಕಾಯಿ ಮಾತ್ರ ಹಾಕಬೇಡಿ. ಅದರ ವಿಷ ಕೋಳಿಯ ಲಿವರ್ ಕೆಡಿಸುತ್ತದೆ.