ಪದದ ಅರ್ಥ ಗೊತ್ತು, ವಾಕ್ಯ ಮಾತ್ರ ತಪ್ಪುತ್ತೆ: ಪ್ರತಿಕ್ರಿಯೆ

ದಿನಕ್ಕೆ 20 ಇಂಗ್ಲಿಷ್ ಪದ ಬಾಯಿಪಾಠ ಮಾಡಿಯೂ ವಾಕ್ಯ ತಪ್ಪುತ್ತಿದೆ ಎಂದಿದ್ದೀರಿ. ನೆನಪಿನ ತೊಂದರೆ ಇರಲಿಕ್ಕಿಲ್ಲ. ಒಂದು ಇಂಗ್ಲಿಷ್ ಪದಕ್ಕೆ ಒಂದು ಕನ್ನಡ ಪದ ಎಂದು ಜೋಡಿಸಿ ಕಲಿಯುತ್ತಿರುವುದೇ ಕಾರಣ ಅನ್ನಿಸುತ್ತದೆ. ಸೀ, ಲುಕ್, ವಾಚ್ ಮೂರಕ್ಕೂ ನಾವು ‘ನೋಡು’ ಎಂದೇ ಬರೆದುಕೊಳ್ಳುತ್ತೇವೆ, ಅಲ್ವಾ? ಸುಮ್ನೆ ಕಣ್ಣಿಗೆ ಬಿದ್ದರೆ ಸೀ. ಬೇಕೆಂದೇ ಕಣ್ಣು ಹಾಯಿಸಿದರೆ ಲುಕ್. ನಡೆಯುತ್ತಿರುವುದನ್ನು ಸ್ವಲ್ಪ ಹೊತ್ತು ಗಮನಿಸಿದರೆ ವಾಚ್.

ಮೊದಲು ನಿಘಂಟು ಬದಲಿಸಿ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಇಟ್ಟುಕೊಳ್ಳಿ. ಲಾಂಗ್‌ಮನ್ ಎಂಬ ಪ್ರಕಾಶಕರ ನಿಘಂಟು ಸುಮಾರು 2000 ಸುಲಭ ಪದಗಳಲ್ಲೇ ಅರ್ಥ ಹೇಳುತ್ತದೆ, ಹೆದರಬೇಕಿಲ್ಲ.

ಅರ್ಥ ಓದಿದ ಮೇಲೆ ಉದಾಹರಣೆ ವಾಕ್ಯಕ್ಕೆ ಬನ್ನಿ. ಅದನ್ನು ಹಾರಿಸಲೇಬೇಡಿ. ಪದದ ಅಕ್ಕಪಕ್ಕ ಏನಿದೆ ಎಂದು ನೋಡಿ. ನಾನು ವರ್ಷಗಟ್ಟಲೆ ‘ಡಿಸ್ಕಸ್ ಅಬೌಟ್ ಇಟ್’ ಎಂದೇ ಬರೆಯುತ್ತಿದ್ದೆ. ‘ಅದರ ಬಗ್ಗೆ ಚರ್ಚಿಸು’ ಎನ್ನುವ ನಮ್ಮ ಕನ್ನಡದ ಕೃಪೆ! ನಿಘಂಟಿನ ವಾಕ್ಯಗಳಲ್ಲಿ ‘ಅಬೌಟ್’ ಇರಲೇ ಇಲ್ಲ. ‘ಮ್ಯಾರೀಡ್ ವಿತ್’ ಕೂಡ ಇದೇ ಕಥೆ, ಬೇಕಾದದ್ದು ‘ಮ್ಯಾರೀಡ್ ಟು’.

ಆಮೇಲೆ ಅದೇ ಅಚ್ಚಿನಲ್ಲಿ ನಿಮ್ಮ ಮನೆ, ಆಫೀಸು, ಬಸ್ಸಿನ ಬಗ್ಗೆ ಒಂದು ವಾಕ್ಯ ಬರೆಯಿರಿ. ಮರುದಿನ ಹೊಸ ಪದದ ಜಾಗ ಮುಚ್ಚಿ, ನೆನಪಿನಿಂದ ತುಂಬಿ. ಮೂರು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಮತ್ತೆ. ಈ ಅಂತರ ನನಗೆ ಹೊಂದಿತು, ನಿಮಗೆ ಹೆಚ್ಚುಕಮ್ಮಿ ಆಗಬಹುದು. ಮತ್ತೆ, 20 ಪದ ಜಾಸ್ತಿ ಆಯಿತು. ಐದರಿಂದ ಶುರು ಮಾಡಿ.